ಆರ್ಥರ್ ಸರ್ ತಂದ ತುಂಡು

ನವೆಂಬರ್ ೩, ೨೦೨೫

ಮತ್ತೆ ಎರಡು ಬಂಡಲ್ ಉತ್ತರ ಪತ್ರಿಕೆ. ಭುಜ ನೋವು. ಮೂರನೆಯ ಪೀರಿಯಡ್‌ಗೆ ನಾಲ್ಕೇ ಮಕ್ಕಳು. ಭೂವಿಜ್ಞಾನ ಈಗ ಯಾರಿಗೂ ಬೇಡ...

ಮಧ್ಯಾಹ್ನ ಆರ್ಥರ್ ಸರ್ ಬಂದಿದ್ದರು. ಕಾಲೇಜಿನ ಇದೇ ಲ್ಯಾಬಿನಲ್ಲಿ ನನಗೆ ಕಲ್ಲು ಗುರುತಿಸಲು ಕಲಿಸಿದವರು. ಎಪ್ಪತ್ತೆಂಟು ವರ್ಷ. ಹೆಂಡತಿ ಹೋದ ಮೇಲೆ ಇಷ್ಟು ಗೆಲುವಾಗಿ ಕಂಡದ್ದು ಇವತ್ತೇ. ಕರವಸ್ತ್ರ ಬಿಚ್ಚಿದರು. ಹೆಬ್ಬೆರಳಿನಷ್ಟು ದೊಡ್ಡ, ಕಂದು ತುಂಡು.

"ಟರ್ಕಿ ಟೂರಿನಲ್ಲಿ ಸಿಕ್ಕಿದ್ದು. ಅಲ್ಲಿ ದೋಣಿಯ ಹಾಗಿನ ಗುಡ್ಡ ಉಂಟಲ್ಲ, ಅದರದ್ದು ಅಂತ ಡ್ರೈವರ್ ಕೊಟ್ಟ. ನೋಹನ ನಾವೆಯ ಮರ, ಕಲ್ಲಾಗಿದೆ. ಗುಡ್ಡದ ಉದ್ದ ನೋಡು — ಬೈಬಲಿನ ಮುನ್ನೂರು ಮೊಳಕ್ಕೆ ಸರಿ ಬರ್ತದೆ."

"ಮಣ್ಣು ಜಾರಿದರೂ ಆ ಆಕಾರ ಬರ್ತದಲ್ಲ ಸರ್."

"ಅದಕ್ಕೇ ನಿನ್ನ ಹತ್ತಿರ ತಂದದ್ದು. ತೇದು ನೋಡು."

ಹದಿನಾರಕ್ಕೆ ಅವರ ಚರ್ಚಿನ ಹಾಲ್‌ನಲ್ಲಿ ಚರ್ಚೆಯಂತೆ: ನಾವೆ ಸಿಕ್ಕಿದೆಯೇ? ಪರವಾಗಿ ಅವರು, ವಿರೋಧಕ್ಕೆ ನಾನು. ಬೇಡ ಅನ್ನಲೂ ಆಯಾಸ. ಹೂಂ ಅಂದೆ.

ನವೆಂಬರ್ ೯

ಕಲ್ಲು ಕೊಯ್ಯುವ ಮಿಷನ್ ಕೆಟ್ಟು ಎರಡು ವರ್ಷ. ಕೈಯಲ್ಲೇ ತೇದೆ. ಗಾಜು, ಉಜ್ಜುವ ಪುಡಿ, ನೀರು. ಬೆಳಕು ದಾಟುವಷ್ಟು ತೆಳುವಾಗಲು ಮೂರು ದಿನ ಬೇಕಾಯಿತು.

ಮೈಕ್ರೋಸ್ಕೋಪಿನ ಕೆಳಗೆ ಇಟ್ಟೆ. ಮರ ಕಲ್ಲಾದರೂ ಜೀವಕೋಶಗಳ ಸಾಲು ಸಾಮಾನ್ಯವಾಗಿ ಉಳಿದಿರುತ್ತದೆ. ಇಲ್ಲಿ ಒಂದೂ ಇಲ್ಲ. ಬರೀ ಹರಳು, ಕಡ್ಡಿ ಕಡ್ಡಿಯಾಗಿ. ಅಂಚಿಗೆ ತುಕ್ಕು. ಬಸಾಲ್ಟ್ — ಲಾವಾ ಆರಿ ಆದ ಕಲ್ಲು. ಮರವಲ್ಲ. ಸರ್‌ಗೋಸ್ಕರ ಒಂದಾದರೂ ಕೋಶ ಕಾಣಲಿ ಎಂದು ಮತ್ತೆ ಮತ್ತೆ ತಿರುಗಿಸಿದೆ. ನಾಚಿಕೆಯಾಯಿತು.

ಗಂಡ ವಿಶ್ವೇಶನಿಗೆ ಹೇಳಿದೆ. ಅವನಿಗೆ ಬೇರೆಯೇ ಚಿಂತೆ. "ಭಟ್ರ ಮನೆಯವಳು ಹೋಗಿ ಅವರ ಬೈಬಲ್ ಸುಳ್ಳು ಅಂದಳು ಅಂತ ಆಗ್ತದೆ ಮಾರಾಯ್ತಿ. ಈ ಊರಿನಲ್ಲಿ, ಈಗ, ಬೇಕಾ ಅದು?"

"ನಾನು ಹೇಳುದು ಕಲ್ಲಿನ ಬಗ್ಗೆ."

"ವಾಟ್ಸಾಪಿನವರಿಗೆ ಆ ವ್ಯತ್ಯಾಸ ಗೊತ್ತುಂಟಾ?"



ನವೆಂಬರ್ ೧೬, ಭಾನುವಾರ. ಸಂಜೆ ೭

ಕಂಕನಾಡಿಯ ಚರ್ಚಿನಿಂದ ಈಗ ಬಂದೆ. ಹಾಲ್ ತುಂಬಿತ್ತು. ಯುವಕರ ಸಂಘದ ವಿಲ್ಸನ್ ಫೋನ್ ಸ್ಟ್ಯಾಂಡಿಗೆ ಹಾಕಿ ರೆಕಾರ್ಡ್ ಮಾಡುತ್ತಿದ್ದ. ಸರ್ ಚೆನ್ನಾಗಿ ಮಾತಾಡಿದರು. ಕೊನೆಗೆ ಮೈಕಿನಲ್ಲೇ ನನ್ನ ಕಡೆ ತಿರುಗಿ — "ರಂಜಿನಿ ತೇದು ನೋಡಿದ್ದಾಳೆ. ಎಂತ ಕಂಡಿತು, ಹೇಳು."

ಎದ್ದೆ. ಅಷ್ಟೂ ಮುಖಗಳು. ಫೋನಿನ ಕಣ್ಣು.

"ಖಚಿತವಾಗಿ ಹೇಳಲು ಆಗುವುದಿಲ್ಲ. ಸ್ಯಾಂಪಲ್ ಸಣ್ಣದು. ಹೆಚ್ಚಿನ ಅಧ್ಯಯನ ಬೇಕು."

ಚಪ್ಪಾಳೆ. ಸರ್ ಒಬ್ಬರೇ ತಟ್ಟಲಿಲ್ಲ.

ನವೆಂಬರ್ ೧೮

ವಿಲ್ಸನ್ ವಿಡಿಯೊ ಹಾಕಿದ್ದಾನೆ. ತಲೆಬರಹ: 'ಭೂವಿಜ್ಞಾನಿಯೂ ಒಪ್ಪಿದರು'. ಒಪ್ಪಲಿಲ್ಲ. ಒಪ್ಪುವುದಿಲ್ಲ ಎಂದೂ ಹೇಳಲಿಲ್ಲವಲ್ಲ... ಸ್ಟಾಫ್ ರೂಮಿನಲ್ಲಿ ನಗು. ಸರ್ ಫೋನ್ ಎತ್ತುತ್ತಿಲ್ಲ.

ನವೆಂಬರ್ ೨೪

ಸರ್ ಲ್ಯಾಬಿಗೆ ಬಂದರು. "ಸ್ಲೈಡ್ ಕೊಡು."

ಕನ್ನಡಕ ತೆಗೆದು ಬಗ್ಗಿದರು. ಫೋಕಸ್ ಸಿಗುತ್ತಿರಲಿಲ್ಲ. ಸರಿಮಾಡಲು ಹೋದೆ, ಬೇಡ ಅಂದರು. ಹತ್ತು ನಿಮಿಷವಾದರೂ ತಲೆ ಎತ್ತಲಿಲ್ಲ.

"ಬಸಾಲ್ಟ್."

"ಹೌದು ಸರ್."

"ಅವತ್ತೇ ಗೊತ್ತಿತ್ತಲ್ಲ? ನನಗೆ ಬೇಜಾರಾಗ್ತದೆ ಅಂತ ಬಿಟ್ಟಿಯಾ?"

ಹೌದು ಅನ್ನುವುದು ಸುಲಭವಿತ್ತು. "ಅಲ್ಲ ಸರ್. ಹೆದರಿಕೆ ಆಯ್ತು. ಆ ಜನ, ಆ ಫೋನು..."

ಸ್ಟೂಲ್ ಎಳೆದು ಕೂತರು. "ನೋಹನನ್ನು ನಾನು ನಂಬ್ತೇನೆ. ನಾಳೆಯೂ ನಂಬ್ತೇನೆ. ಅದಕ್ಕೆ ನಿನ್ನ ಸಹಾಯ ಕೇಳಿದ್ದಲ್ಲ, ಕಲ್ಲು ಎಂತದ್ದು ಅಂತ ಕೇಳಿದ್ದು. ಅಲ್ಲಿ ಕೂತವರಲ್ಲಿ ಎಷ್ಟೋ ಮಂದಿ ನನ್ನ ಸ್ಟೂಡೆಂಟ್ಸ್. ಅವರಿಗೆ ನಿಜ ತಡಕೊಳ್ಳಿಕ್ಕೆ ಆಗುದಿಲ್ಲ ಅಂತ ನೀನು ಎಣಿಸಿದೆಯಲ್ಲ, ಬೇಜಾರು ಅದು."

ಸ್ಲೈಡ್ ತೆಗೆದು ಡಬ್ಬಿಗೆ ಹಾಕಿದೆ. ಸರ್ ಎದ್ದರು.

"ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಹಾಲ್‌ನಲ್ಲಿ ನಾನೇ ಹೇಳ್ತೇನೆ. ನೀನು ಬರ್ಬೇಕು ಅಂತಿಲ್ಲ."

ನವೆಂಬರ್ ೩೦, ಭಾನುವಾರ. ಮಧ್ಯಾಹ್ನ

ಹೋದೆ. ವಿಶ್ವೇಶನೇ ಕಾರಿನಲ್ಲಿ ಬಿಟ್ಟ. 

ಸರ್ ಮೈಕ್ ಹಿಡಿದು ನಿಂತಿದ್ದರು. ಹತ್ತಿರ ಹೋಗಿ ಕೈ ಚಾಚಿದೆ. ಕೊಟ್ಟು, ಮುಂದಿನ ಸಾಲಿನಲ್ಲಿ ಕೂತರು.

"ಅದು ಮರವಲ್ಲ. ಲಾವಾದ ಕಲ್ಲು. ಅವತ್ತೇ ಗೊತ್ತಿತ್ತು. ಹೇಳಲಿಲ್ಲ, ತಪ್ಪಾಯಿತು."



"ಜೋರಾಗಿ ಹೇಳು," ಸರ್ ಅಂದರು. "ಹಿಂದಿನವರಿಗೆ ಕೇಳುದಿಲ್ಲ."

ಇನ್ನೊಮ್ಮೆ ಹೇಳಿದೆ, ಜೋರಾಗಿ. ಇಬ್ಬರು ಎದ್ದು ಹೋದರು. ಕೊಂಕಿಗಿಂತ ನಗುವೇ ಹೆಚ್ಚು ಬಂದದ್ದು, ಒಬ್ಬ ಹೆಂಗಸು ಎದ್ದು "ಹಾಗಾದ್ರೆ ಡ್ರೈವರ್ ಸರ್‌ಗೆ ಟೋಪಿ ಹಾಕಿದ್ದಾ?" ಅಂದಾಗ. ಸರ್ ಕೂಡ ನಕ್ಕರು, ಆಮೇಲೆ ಕಣ್ಣು ಒರೆಸಿಕೊಂಡರು.

ವಿಲ್ಸನ್ ನಗಲಿಲ್ಲ. ಇವತ್ತು ಫೋನ್ ಅವನ ಜೇಬಿನಲ್ಲೇ ಇತ್ತು. ಹಳೆಯ ವಿಡಿಯೊ ಇನ್ನೂ ಹಾಗೇ ಇದೆ, ಈಗ ತಾನೇ ನೋಡಿದೆ. ತೆಗಿ ಎಂದು ಮೆಸೇಜ್ ಹಾಕಿದೆ. ಊಟ ಬೇಡ, ಒಮ್ಮೆ ಮಲಗಿದರೆ ಸಾಕು...

ಫೋನ್ ಬರುತ್ತಿದೆ. ವಿಲ್ಸನ್. ಎತ್ತಿ ಅವನಿಗೂ ಜೋರಾಗಿಯೇ ಹೇಳಬೇಕು.