ತೊರಾಓ ಇನ್ನೂ ನದಿ ದಾಟಿಲ್ಲ

ತೊತ್ತೊರಿ
ಸೆಪ್ಟೆಂಬರ್ ೩

ಪ್ರೀತಿಯ ಯುಕಿಮುಶಿ-ಸಾನ್,

ಇಲ್ಲಿ ಬಿಸಿಲು ಇನ್ನೂ ಇಳಿದಿಲ್ಲ, ನಿಮ್ಮ ಮೊರಿಓಕದಲ್ಲಿ ಬೆಳಗಿನ ಗಾಳಿ ತಣ್ಣಗಾಗಿರಬೇಕು ಎಂದು ಪದ್ಧತಿಯಂತೆ ಶುರುಮಾಡಿ ಎರಡು ಹಾಳೆ ಹರಿದು ಹಾಕಿದೆ. ಹವಾಮಾನದ ಮಾತಾಡುವ ಮುಖ ನನಗಿಲ್ಲ. ನೇರವಾಗಿ ಹೇಳಿಬಿಡುತ್ತೇನೆ. ಹೋದ ವರ್ಷದ ವಸಂತದಿಂದ ಈಚೆಗೆ ನಮ್ಮ ಬೆಳಗಿನ ಕರೆಗಳಲ್ಲಿ ನಾನು ಕಥೆಯ ಒಂದು ಸಾಲೂ ಬರೆದಿಲ್ಲ. ನಿಮಗೆ ಕೇಳಿಸುತ್ತಿದ್ದ ಕೀಬೋರ್ಡಿನ ಸದ್ದು ಬರೀ ಸದ್ದು.

ಲಕೋಟೆಯ ಮೇಲೆ ನಿಮ್ಮ ನಿಜವಾದ ಹೆಸರು ಬರೆಯಬೇಕಾಗಿ ಬಂತು, ಅದಕ್ಕೂ ಕ್ಷಮೆಯಿರಲಿ. ನೀವು ಸೇಬಿನ ಪೆಟ್ಟಿಗೆ ಕಳಿಸಿದಾಗ ಅದರ ಮೇಲಿನ ಚೀಟಿಯಲ್ಲಿ ಆ ಹೆಸರು ಕಂಡಿತ್ತು. ಅಡ್ಡಹೆಸರಲ್ಲೇ ಬರೆಯುವ ನಮ್ಮವರ ಮರ್ಯಾದೆಯಂತೆ ಕಂಡೂ ಕಾಣದವಳ ಹಾಗೆ ಇದ್ದೆ. ಎಂಟು ವರ್ಷದಿಂದ ನೀವು ನನಗೆ ಯುಕಿಮುಶಿ, ಹಿಮ ಬೀಳುವ ಮುಂಚೆ ಬರುವ ಬಿಳಿ ಹುಳ. ನಾನು ನಿಮಗೆ ತಾನಿಶಿ, ಗದ್ದೆಯ ಬಸವನಹುಳು. ನನ್ನ ಹೆಸರು ನೀವು ಕೇಳಿಲ್ಲ, ನಾನು ಹೇಳಿಲ್ಲ, ಆ ಪೆಟ್ಟಿಗೆಯೂ ತಾನಿಶಿ ಹೆಸರಿಗೇ ಬಂತು.

ಹೇಗೆ ಶುರುವಾಯಿತು ಎಂದು ನಿಮಗೆ ಗೊತ್ತು. ಆದರೂ ಬರೆಯುತ್ತೇನೆ, ಬರೆದರೆ ಧೈರ್ಯ ಬರುತ್ತದೆ. ‘ಹನ್ನೆರಡನೇ ಸೇತುವೆ’ ಅನಿಮೆ ಧಾರಾವಾಹಿಯ ಕೊನೆಯ ಕಂತಿನಲ್ಲಿ ಇಸುಜು ಒಬ್ಬನೇ ಈಚೆ ದಡ ಸೇರಿದ, ಸೇತುವೆ ಕುಸಿಯಿತು, ತೊರಾಓ ಆಚೆ ದಡದಲ್ಲಿ ನಿಂತೇ ಇದ್ದ, ಹಾಡು ಶುರುವಾಗಿ ಹೆಸರುಗಳು ಓಡಿದವು. ಅಷ್ಟೇ. ಅಂಥ ಮುಕ್ತಾಯ ಕೊಟ್ಟವರನ್ನು ಶಪಿಸುತ್ತ ನೀವು ನಿಮ್ಮೂರಲ್ಲಿ, ನಾನು ನಮ್ಮೂರಲ್ಲಿ ಬರೆಯಲು ಕೂತೆವು. ನೀವು ಇಸುಜುವಿನ ಮುಂದಿನ ಬದುಕನ್ನು ಬರೆದಿರಿ. ನಾನು ತೊರಾಓನನ್ನು ಮನೆಗೆ ತಲುಪಿಸುತ್ತೇನೆಂದು ಮೊದಲ ಸಂಪುಟದ ಹಿಂಪುಟದಲ್ಲೇ ಓದುಗರಿಗೆ ಮಾತು ಕೊಟ್ಟೆ. ಮೂರು ಸಂಪುಟ ನಡೆದ ಅವನು ನಾಲ್ಕನೆಯದರಲ್ಲಿ, ಕೊನೆಯದರಲ್ಲಿ, ನದಿ ದಂಡೆಗೆ ಬಂದು ನಿಂತುಬಿಟ್ಟ.

ಆಗಲೇ ತಾನೇ ನೀವು ಬೆಳಗಿನ ಕರೆಯ ಉಪಾಯ ಹೇಳಿದ್ದು? “ಒಬ್ಬೊಬ್ರೇ ಕೂತ್ರೆ ಕೈ ಓಡಲ್ಲ ತಾನಿಶಿ-ಸಾನ್. ಕೆಲಸಕ್ಕೆ ಹೋಗೋ ಮುಂಚೆ ಫೋನ್ ಹಚ್ಕೊಂಡು ಜೊತೇಲಿ ಕೂರೋಣ. ಮಾತಾಡೋದು ಬೇಡ. ನಾಚಿಕೆಗಾದ್ರೂ ಬರೀತೀವಿ” ಎಂದಿರಿ. ಶುಭೋದಯ ಹೇಳಿ, ಇವತ್ತು ಎಲ್ಲಿಂದ ಎಲ್ಲಿಯವರೆಗೆ ಎಂದು ಒಬ್ಬರಿಗೊಬ್ಬರು ಒಪ್ಪಿಸಿ, ಫೋನನ್ನು ಮೇಜಿನ ಮೇಲಿಟ್ಟು ತೆಪ್ಪಗೆ ಕೂರುವುದು. ನಿಮ್ಮ ಕೆಟಲಿನ ಶಿಳ್ಳೆ ನನಗೆ ಕೇಳುತ್ತಿತ್ತು, ನನ್ನ ಅಮ್ಮನ ಕೆಮ್ಮು ನಿಮಗೆ. ಕೊನೆಗೆ ಎಷ್ಟಾಯಿತು ಎಂದು ಹೇಳಿ, ದಣಿವಾಯಿತಲ್ಲ ಎಂದು ಉಪಚಾರ ಮಾಡಿ ಇಟ್ಟುಬಿಡುವುದು. ಒಂದು ಅಧ್ಯಾಯ ಮುಗಿದರೆ ಪುಡ್ಡಿಂಗ್. ನಾನು ಮುಗಿಸದಿದ್ದರೆ ನಿಮ್ಮ ತಂಟೆ: “ನಿಮ್ಮ ಪಾಲಿಂದೂ ನಾನೇ ತಿಂತಿದೀನಿ ನೋಡಿ. ನಿಮ್ಮ ತೊರಾಓ ಆ ದಂಡೇಲಿ ಬೇರು ಬಿಟ್ಟಿದಾನೆ. ಇನ್ನು ಸ್ವಲ್ಪ ದಿನ ಬಿಟ್ರೆ ಹಕ್ಕಿ ಗೂಡು ಕಟ್ತವೆ.”

ನೀವು ಮುಗಿಸಿದಿರಿ. ಹೋದ ವರ್ಷಕ್ಕೂ ಹಿಂದಿನ ವರ್ಷ, ನಮ್ಮಂಥ ಅಭಿಮಾನಿಗಳು ತಾವೇ ಅಚ್ಚುಹಾಕಿಸಿದ ಪುಸ್ತಕ ಮಾರುವ ಶರತ್ಕಾಲದ ಮೇಳದಲ್ಲಿ ನಿಮ್ಮ ಕೊನೆಯ ಸಂಪುಟ ಮೇಜಿಗೆ ಬಂತು. ಅದರ ಹಿಂಪುಟದಲ್ಲಿ ಬರೆದಿದ್ದಿರಿ, ತಾನಿಶಿ-ಸಾನ್ ಅವರ ಕೀಬೋರ್ಡಿನ ಸದ್ದಿಲ್ಲದಿದ್ದರೆ ಈ ಪುಸ್ತಕವಿಲ್ಲ ಎಂದು. ಆಗ ಆ ಸದ್ದು ನಿಜದ್ದೇ ಆಗಿತ್ತು, ಅದೊಂದು ಸಮಾಧಾನ. ಆ ಸಂಜೆ ಸುಟ್ಟ ಕೋಳಿಯ ಅಂಗಡಿಯಲ್ಲಿ ನಿಮ್ಮ ಪುಸ್ತಕಕ್ಕೆ ಬಿಯರ್ ಎತ್ತಿದಾಗ, ಹಿಂದೆ ನಮ್ಮ ಜೊತೆ ಬರೆಯುತ್ತಿದ್ದ ಮೊಜುಕು-ಸಾನ್ ಮಾತು ಬಂತು. ಅವರು ತಮ್ಮ ದೊಡ್ಡ ಕಥೆ ಮುಗಿಸಿದ ದಿನವೂ ಹೀಗೇ ಸೇರಿದ್ದೆವು. ಎಲ್ಲರನ್ನೂ ತಬ್ಬಿಕೊಂಡು ಅತ್ತರು. ತಿಂಗಳೊಳಗೆ ಬೇರೆ ಅನಿಮೆಗೆ ಹೊರಟುಹೋದರು, ಹೆಸರು ಬದಲಿಸಿದರು, ಹಳೆಯ ಖಾತೆ ಮುಚ್ಚಿದರು. ನಮ್ಮಲ್ಲಿ ಅದು ತಪ್ಪಲ್ಲ, ಮುಗಿಸಿದವರು ಹೊರಡುತ್ತಾರೆ. ಈಗ ಅವರು ಎದುರಿಗೆ ಬಂದರೂ ಏನೆಂದು ಕರೆಯಬೇಕೋ ನಮಗೆ ತಿಳಿಯದು. ನೀವು ಬೆರಳಿನ ಎಣ್ಣೆ ಒರೆಸಿಕೊಳ್ಳುತ್ತ ಹೇಳಿದಿರಿ, “ನಾನು ಹಂಗೆ ಮಾಡಲ್ಲ. ನಿಮ್ದು ಮುಗಿಯೋ ತನಕ ಎಲ್ಲಿಗೂ ಹೋಗಲ್ಲ. ತೊರಾಓನ್ನ ಮನೆಗೆ ಬಿಟ್ಟೇ ನಾನು ಹೊರಡೋದು.”

ನೀವು ಆಡಿದ ಹಾಗೇ ನಡೆದುಕೊಂಡಿರಿ. ನಿಮಗೆ ಬರೆಯಲು ಏನೂ ಉಳಿದಿರಲಿಲ್ಲ. ಆದರೂ ದಿನಾ ಬೆಳಿಗ್ಗೆ ಎದ್ದು, ನನ್ನ ಮುಖಪುಟಕ್ಕೆ ಚಿತ್ರ ಬಿಡಿಸುತ್ತ ಫೋನಿನ ಆ ಕಡೆ ಕೂತಿರಿ.

ನಾನು ಈ ಕಡೆ ಕೂತು ಕುಟ್ಟಿದೆ. ಮೊದಮೊದಲು ಒಂದೇ ಸಾಲನ್ನು ಹೊಡೆದು ಅಳಿಸಿ ಹೊಡೆಯುತ್ತಿದ್ದೆ. ಅದು ಬೇಸರ ಬಂದು, ನಮ್ಮ ಉಪ್ಪಿನಕಾಯಿ ಕಾರ್ಖಾನೆಯ ಜಾಡಿಗಳ ಮೇಲಿನ ಬರಹವನ್ನು ನಕಲು ಮಾಡಿದೆ. ರಕ್ಕ್ಯೊ ಗೆಡ್ಡೆ, ವಿನಿಗರ್, ಸಕ್ಕರೆ, ಉಪ್ಪು, ನೇರ ಬಿಸಿಲಿಗೆ ಇಡಬೇಡಿ. ಆಮೇಲೆ ಅನ್ನದ ಕುಕ್ಕರಿನ ಕೈಪಿಡಿ ಪೂರ್ತಿ. ನೀವು ಎಷ್ಟಾಯಿತು ಎಂದು ಕೇಳಿದರೆ ಎರಡು ಪುಟ ಎನ್ನುತ್ತಿದ್ದೆ, ಕೆಲವು ದಿನ ನಂಬಿಕೆ ಬರಲಿ ಎಂದು ಅರ್ಧ ಪುಟವೂ ಆಗಲಿಲ್ಲ ಎಂದು ನಿಟ್ಟುಸಿರು ಬಿಡುತ್ತಿದ್ದೆ. ಅಂಥ ದಿನ ನೀವು ಹೆಚ್ಚು ಹೊತ್ತು ಮಾತಾಡುತ್ತಿದ್ದಿರಿ. “ಅರ್ಧ ಪುಟ ಅಂದ್ರೆ ಸುಮ್ನೇನಾ? ನಿನ್ನೆ ಇರ್ಲಿಲ್ಲ, ಇವತ್ತಿದೆ” ಎಂದು ನೀವು ಹೇಳುವಾಗ ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸುತ್ತಿತ್ತು. ನೆಲ ಗಟ್ಟಿಯಾಗೇ ಇತ್ತು. ಮರುದಿನ ನಾನು ಮತ್ತೆ ಕುಕ್ಕರಿನ ಕೈಪಿಡಿ ತೆರೆಯುತ್ತಿದ್ದೆ.

ಈ ವಸಂತದ ಮೇಳ ನೆನಪಾದರೆ ಈಗಲೂ ಬೆವರುತ್ತೇನೆ. ನನ್ನ ಪುಸ್ತಕ ಇರಬೇಕಾದ ಜಾಗದಲ್ಲಿ ‘ಹೊಸ ಸಂಪುಟ ಬರಲಿಲ್ಲ, ಕ್ಷಮಿಸಿ’ ಎಂಬ ಹಲಗೆ. ಆ ಅಕ್ಷರ ನಿಮ್ಮವು. ಮೂಲೆಯಲ್ಲಿ ನದಿ ದಂಡೆಯ ತೊರಾಓನ ಪುಟ್ಟ ಚಿತ್ರ, ಅವನೂ ತಲೆಬಾಗಿದ್ದ. ಬಂದ ಓದುಗರಿಗೆಲ್ಲ ನನಗಿಂತ ಮೊದಲು ನೀವೇ ಎದ್ದು ನಮಸ್ಕರಿಸುತ್ತಿದ್ದಿರಿ. ಕಾಗೊಶಿಮಾದಿಂದ ರೈಲು ಹತ್ತಿ ಬಂದ ಆ ಹಿರಿಯ ಹೆಂಗಸು ನನಗೆಂದು ಸಿಹಿ ತಿಂಡಿಯ ಡಬ್ಬ ತಂದಿದ್ದರು. “ಪರ್ವಾಗಿಲ್ಲಮ್ಮ, ನಿಧಾನಕ್ಕೆ ಬರೀರಿ. ನಾನೂ ಅವನ ಜೊತೆ ದಂಡೇಲೇ ಕೂತಿರ್ತೀನಿ. ಆದ್ರೆ ನಂಗೂ ವಯಸ್ಸಾಯ್ತು ನೋಡಿ” ಎಂದರು. ನೀವು ಅವರ ಮುಂದೆ ಹಣೆ ಮೇಜಿಗೆ ತಾಗುವಷ್ಟು ಬಗ್ಗಿದಿರಿ. ನನ್ನ ತಪ್ಪಿಗೆ. ನಾನು ಪಕ್ಕದಲ್ಲಿ ಡಬ್ಬ ಹಿಡಿದುಕೊಂಡು ಕೂತಿದ್ದೆ, ಆಮೇಲೆ ಆ ತಿಂಡಿ ತಿಂದೆ ಕೂಡ.

ಇನ್ನು ಹೋದ ಗುರುವಾರದ್ದು. ನಾನು ಕುಟ್ಟುತ್ತಿರುವಾಗ ಬಾಗಿಲಿಗೆ ಪಾರ್ಸೆಲಿನವನು ಬಂದ. ಸದ್ದು ನಿಂತರೆ ನಿಮಗೆ ಅನುಮಾನ ಬಂದೀತೆಂದು (ಕಳ್ಳನ ಮನಸ್ಸು ಹುಳ್ಳುಳ್ಳಗೆ) ಅಮ್ಮನಿಗೆ ಸನ್ನೆ ಮಾಡಿ ಕುರ್ಚಿಯಲ್ಲಿ ಕೂರಿಸಿದೆ. ಅಮ್ಮನಿಗೆ ಎಪ್ಪತ್ತಾರು. ಜೀವನದಲ್ಲಿ ಕೀಬೋರ್ಡ್ ಮುಟ್ಟಿದವಳಲ್ಲ. ಎರಡೂ ತೋರುಬೆರಳು ಎತ್ತಿ ಹೊಸ ವರ್ಷದ ಮೋಚಿ ಕಡುಬಿಗೆ ಅನ್ನ ಕುಟ್ಟುವವಳ ಹಾಗೆ ಶುರು ಹಚ್ಚಿಕೊಂಡಳು. ನಾನು ಸಹಿ ಹಾಕಿ ಓಡಿಬಂದರೂ ಏಳಲಿಲ್ಲ, ಅವಳಿಗೆ ಮಜಾ ಬಂದಿತ್ತು. ಕೊನೆಗೆ ನಾನು ಫೋನ್ ಎತ್ತಿಕೊಂಡರೆ ನಿಮ್ಮ ದನಿ ನಡುಗುತ್ತಿತ್ತು.

“ಇವತ್ತು ಎಂಥಾ ಕೈ ತಾನಿಶಿ-ಸಾನ್! ಇಷ್ಟು ವರ್ಷದಲ್ಲಿ ಹಿಂಗೆ ಕೇಳೇ ಇರ್ಲಿಲ್ಲ. ನಂಗೆ ಅಳೂನೇ ಬಂತು. ದಾಟ್ತಿದಾನೆ, ಅಲ್ವಾ? ತೊರಾಓ ನದಿ ದಾಟ್ತಿದಾನೆ!”

ನಾನು ಹೌದು ಎಂದೆ. ಆಗ ನೀವು ಒಂದರ ಮೇಲೊಂದು ಸುದ್ದಿ ಹೇಳಿದಿರಿ. ಶರತ್ಕಾಲದ ಮೇಳಕ್ಕೆ ಮೇಜು ಪೂರ್ತಿ ನನ್ನ ಪುಸ್ತಕಕ್ಕೇ ಬಿಟ್ಟಿದ್ದೀರಿ. ಅಚ್ಚಿನವರ ಬಳಿ ಇಪ್ಪತ್ತನೇ ತಾರೀಖು ಹಿಡಿದಿದ್ದೀರಿ. ಮುಖಪುಟ ಆಗಲೇ ಕಳಿಸಿದ್ದೀರಿ. ಆಮೇಲೆ ದನಿ ತಗ್ಗಿಸಿ, ಹೊಸ ಅನಿಮೆಯ ದೊಡ್ಡ ಸಂಕಲನಕ್ಕೆ ಮುಖಪುಟ ಬಿಡಿಸಿಕೊಡಿ ಎಂದು ಕೇಳಿದ್ದರೆಂದೂ, ಜೂನ್‌ನಲ್ಲೇ ಬೇಡ ಎಂದಿರೆಂದೂ ಹೇಳಿದಿರಿ. “ಎರಡು ದೋಣೀಲಿ ಕಾಲಿಡೋಕಾಗುತ್ತಾ? ನಿಮ್ದು ಮುಗೀಲಿ, ಆಮೇಲೆ ನೋಡೋಣ” ಎಂದು ನಕ್ಕಿರಿ. ನೀವು ಎಷ್ಟೋ ವರ್ಷದಿಂದ ಕಾಯುತ್ತಿದ್ದ ಕರೆ ಅದು. ನನಗದು ಗೊತ್ತು.

ಫೋನ್ ಇಟ್ಟ ಮೇಲೆ ಅಮ್ಮನನ್ನು ನೋಡಿ ಮೊದಲು ನಕ್ಕೆ. ಆಮೇಲೆ ಅಳು ಬಂತು. ಅಮ್ಮ ಬೆರಳು ನೀವಿಕೊಳ್ಳುತ್ತ ಕೇಳಿದಳು, “ಆ ಹುಡುಗಿ ಯಾಕೆ ಅಷ್ಟು ಖುಷಿಪಟ್ಲು? ನಾನೇನು ಬರೆದೆ ಅಂತ?” ಪರದೆ ತುಂಬ ಒಂದೇ ಅಕ್ಷರ ಇತ್ತು. ವಿಷಯ ಹೇಳಿದೆ. “ಹೊಟ್ಟು ಕುಟ್ಟಿದ್ದೂ ಅಲ್ದೆ ನನ್ ಕೈಲೂ ಕುಟ್ಟಿಸಿದ್ಯಲ್ಲೇ. ಅವ್ಳು ಅಲ್ಲಿ ತಟ್ಟೆ ಹಿಡ್ಕೊಂಡು ಅಕ್ಕಿಗೆ ಕಾಯ್ತಿದಾಳೆ. ನಿಂಗೆ ನಾಚ್ಕೆ ಆಗಲ್ವಾ?” ಎಂದಳು. ಆಗುತ್ತದೆ ಯುಕಿಮುಶಿ-ಸಾನ್, ಬಹಳ ಆಗುತ್ತದೆ. ಅಂದಿನಿಂದ ನಿಮ್ಮ ಕರೆ ಎತ್ತಿಲ್ಲ. ಜ್ವರ ಎಂದು ಸಂದೇಶ ಕಳಿಸಿದೆನಲ್ಲ, ಅದೂ ಸುಳ್ಳು.

ದಯವಿಟ್ಟು ಸಂಕಲನದವರನ್ನು ಇನ್ನೊಮ್ಮೆ ಕೇಳಿ ನೋಡಿ. ಅವರು ಬೇರೆಯವರನ್ನು ಗೊತ್ತುಮಾಡಿರದಿದ್ದರೆ ಒಪ್ಪಿಕೊಂಡುಬಿಡಿ. ನನಗಾಗಿ ಇನ್ನು ಯಾರ ಮುಂದೆಯೂ ಬಗ್ಗಬೇಡಿ. ಓದುಗರಿಗೆ ಏನು ಹೇಳಬೇಕೋ ನಾನೇ ನನ್ನ ಹೆಸರಲ್ಲಿ ಹೇಳುತ್ತೇನೆ, ಕಾಗೊಶಿಮಾದ ಅಮ್ಮನಿಗೆ ಬೇರೆಯಾಗಿ ಬರೆಯುತ್ತೇನೆ.

ಯಾಕೆ ಹೀಗೆ ಮಾಡಿದಿರಿ ಎಂದು ನೀವು ಕೇಳುವುದು ನ್ಯಾಯ. ಅಮ್ಮನ ಮಂಡಿ ನೋವು, ಕಾರ್ಖಾನೆಯಲ್ಲಿ ರಕ್ಕ್ಯೊ ಕಾಲದ ಗಡಿಬಿಡಿ ಎಂದೆಲ್ಲ ಬರೆದು ಹೊಡೆದುಹಾಕಿದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಆ ಜಾತಿಯ ಮಾತು ಅವು. ನನ್ನದು ಅದಕ್ಕಿಂತ ಕೆಟ್ಟದ್ದು, ನನಗೆ ಕುಣಿಯಲು ಬರುತ್ತಿತ್ತು. ಸದ್ಯಕ್ಕೆ ಕೈ ಬರಲಿಲ್ಲ ಎಂದುಕೊಂಡುಬಿಡಿ. ಇದಕ್ಕಿಂತ ಹೆಚ್ಚು ಬರೆಯಲು ಧೈರ್ಯವಿಲ್ಲ.

ಚಳಿ ಬೇಗ ಬರುವ ಊರು ನಿಮ್ಮದು, ಮಣಿಕಟ್ಟು ಬೆಚ್ಚಗಿಟ್ಟುಕೊಳ್ಳಿ.

ತಲೆ ಎತ್ತಲಾರದ,
ತಾನಿಶಿ
(ತಾನಿಮೊತೊ ಮಸಾಯೊ)

ಮತ್ತೆ ಬರೆದದ್ದು: ಇದನ್ನು ಅಂಟಿಸಿ, ಅಂಚೆ ಕಚೇರಿಯ ತನಕ ಹೋಗಿ ವಾಪಸು ಬಂದೆ. ಅಮ್ಮ “ಅರ್ಧ ತಪ್ಪು ಒಪ್ಕೊಳ್ಳೋದಕ್ಕಿಂತ ಒಪ್ಕೊಳ್ದೇ ಇರೋದೇ ವಾಸಿ” ಎಂದಳು.

ಕಾಗದದ ಜೊತೆಗಿರುವ ದಪ್ಪ ಕಟ್ಟು ನಾನು ಕ್ಷಮೆ ಕೇಳಲು ಕಳಿಸಿದ ರಕ್ಕ್ಯೊ ಉಪ್ಪಿನಕಾಯಿ ಎಂದುಕೊಂಡು ನೀವು ಪಕ್ಕಕ್ಕಿಟ್ಟಿರಬಹುದು. ಬಿಚ್ಚಿ ನೋಡಿ. ಅದು ನಾಲ್ಕನೇ ಸಂಪುಟ, ಕೊನೆಯ ವಾಕ್ಯದವರೆಗೂ ಇದೆ. ಹೋದ ವರ್ಷ ಮಾರ್ಚಿನಲ್ಲಿ ಬರೆದು ಮುಗಿಸಿದ್ದೆ. ತೊರಾಓ ಯಾವತ್ತೋ ಮನೆ ಸೇರಿದ್ದಾನೆ. ನೀವು ಆ ಹಲಗೆ ಇಟ್ಟು ತಲೆಬಾಗುತ್ತಿದ್ದ ದಿನ ಇದು ನನ್ನ ಮೇಜಿನ ಖಾನೆಯಲ್ಲಿತ್ತು. ಇಪ್ಪತ್ತನೇ ತಾರೀಖಿಗೆ ಇನ್ನೂ ಸಮಯವಿದೆ, ಅಚ್ಚಿಗೆ ಕೊಡುವುದೋ ಒಲೆಗೆ ಹಾಕುವುದೋ ನಿಮಗೆ ಬಿಟ್ಟದ್ದು.

ಮುಗಿಯಿತು ಎಂದು ಅಂದೇ ಹೇಳಿದ್ದರೆ ನೀವು ಸಂತೋಷಪಟ್ಟು, ನನ್ನನ್ನು ತಬ್ಬಿಕೊಂಡು ಅತ್ತು, ಹೊರಟುಬಿಡುತ್ತಿದ್ದಿರಿ. ಬೆಳಿಗ್ಗೆ ನನಗೆ ಬೇರೆ ಯಾರೂ ಫೋನ್ ಮಾಡುವುದಿಲ್ಲ.