ಬೆನ್ನ ಮೇಲಿನ ತಾಳ

ಮಂಗಳವಾರ, ಹದಿನೇಳನೇ ತಾರೀಖು

ಪ್ರೀತಿಯ ಪುಟ್ಟಿ,

ಬೈಯೋದಿದ್ದರೆ ಮೊದಲು ಬೈದುಬಿಡು, ಆಮೇಲೆ ಓದು. ನಿನ್ನ ಕಾಗದ ಬಂದು ಮೂರು ವಾರವಾಯಿತು. ನೀನು ಫೋನ್ ಮಾಡಿದಾಗಲೆಲ್ಲ "ಬರೀತಿದ್ದೀನಿ ಕಣೇ" ಅಂದೆ. ಬರೆಯುತ್ತಿರಲಿಲ್ಲ. ಮಂಡಿನೋವು ಅಂತಲೂ ಅಂದೆ. ಮಂಡಿಗೂ ಬರೆಯೋ ಕೈಗೂ ಏನಮ್ಮಾ ಸಂಬಂಧ ಅಂತ ನೀನು ಕೇಳಲಿಲ್ಲ, ಅದು ನಿನ್ನ ದೊಡ್ಡ ಗುಣ. ನೀವು ಮೂವರೂ ಆರೋಗ್ಯವಾಗಿದ್ದೀರಿ ಅಂದುಕೊಂಡಿದ್ದೇನೆ. ನಾನು ಗಟ್ಟಿಯಾಗೇ ಇದ್ದೇನೆ. ಊಟ ಸೇರುತ್ತದೆ, ನಿದ್ದೆ ಅಷ್ಟಕ್ಕಷ್ಟೆ.

ನಮ್ಮ ಜೀರಿಗೆಯ ವಿಷಯ ನೀನು ಬರೆದದ್ದನ್ನು ಎಷ್ಟು ಸಲ ಓದಿದೆನೋ. ಹುಟ್ಟಿದಾಗ ಜೀರಿಗೆ ಕಾಳಿನಷ್ಟಿದ್ದವಳಿಗೆ ಒಂದೂಕಾಲು ವರ್ಷ ಆಯಿತಲ್ಲ. ತಲೆಯ ಮೇಲಿನ ಆಪರೇಷನ್ ಗಾಯ ಒಣಗಿದ್ದು, ಕಿವಿಯ ಹಿಂದೆ ಯಂತ್ರ ಇಟ್ಟು ಮೊದಲ ಸಲ ಚಾಲೂ ಮಾಡಿದಾಗ ನಿನ್ನ ಮುಖ ನೋಡಿ ಬಿಕ್ಕಿಬಿಕ್ಕಿ ಅತ್ತಿದ್ದು, ಈಗ ದಿನಕ್ಕೆ ಹತ್ತು ಸಲ ಅದನ್ನು ಕಿತ್ತು ಬಾಯಿಗೆ ಹಾಕಿಕೊಳ್ಳೋದು. ಓದುತ್ತಾ ನಕ್ಕೆ, ಆಮೇಲೆ ಕನ್ನಡಕ ಒರೆಸಿಕೊಂಡೆ.

ಅವಳಿಗೆ ಕೇಳಿಸಿಕೊಳ್ಳೋ ತರಬೇತಿ ಕೊಡುವ ಮೇಡಂ, "ದಿನಾ ಹಾಡಿ. ಒಂದೇ ಹಾಡು, ನಿಧಾನಕ್ಕೆ, ಮಗೂನ ಮುಟ್ಟದೆ ಹಾಡಿ. ಹಾಡಿನ ಏರಿಳಿತ ಕಿವಿಗೆ ಅಭ್ಯಾಸ ಆದ್ರೆ ಮಾತಿನ ಏರಿಳಿತಾನೂ ಸಿಗತ್ತೆ" ಅಂದರಂತೆ. ಅದಕ್ಕೆ ನೀನು, "ಅಮ್ಮಾ, ನನ್ನ ಗಂಟಲು ನಿಂಗೆ ಗೊತ್ತಲ್ಲ. ನೀನೇ ಬಂದು ಹಾಡು, ನಂಗೂ ಧೈರ್ಯ" ಅಂತ ಬರೆದಿದ್ದೀಯ. ನನಗೆ ಉತ್ತರ ಬರೆಯಲಾಗದೆ ಹೋದದ್ದು ಆ ಒಂದು ಸಾಲಿಗೆ.

ಇಲ್ಲಿಯ ಸುದ್ದಿ ಹೇಳುತ್ತೇನೆ. ತಾಯಿ-ಮಗುವಿನ ಸಂಗೀತದ ಕ್ಲಾಸ್ ನಿಲ್ಲಿಸಿದೆ. ಲೈಬ್ರರಿಯ ಮಹಡಿ ಕೋಣೆಯ ಬೀಗದಕೈಯನ್ನು ಹೋದ ಶನಿವಾರ ವಾಪಸ್ ಕೊಟ್ಟೆ. "ಯಾಕೆ ಟೀಚರ್, ಹದಿನಾಲ್ಕು ಮಕ್ಕಳು ಬರ್ತಿದ್ರಲ್ಲ" ಅಂದ ಲೈಬ್ರರಿಯವನು. ಮಂಡಿನೋವು ಅಂದೆ. ಈ ಮಂಡಿ ಇಲ್ಲದಿದ್ದರೆ ನನ್ನ ಗತಿ ಏನಾಗುತ್ತಿತ್ತೋ. ಚಾಪೆಗಳನ್ನು ಬಿಸಿಲಿಗೆ ಹಾಕಿದೆ, ಎಲ್ಲದಕ್ಕೂ ಹಾಲಿನ ವಾಸನೆ. ಗಿಲಕಿಗಳನ್ನು ತೊಳೆದು ಬಸ್ ಓಡಿಸುವ ಹುಡುಗಿಗೆ ಕೊಟ್ಟೆ, ಅವಳ ಮಗು ಒಂದನ್ನಾದರೂ ಜಗಿಯದೆ ಬಿಟ್ಟಿರಲಿಲ್ಲ. ಟೈ ಕಟ್ಟಿಕೊಂಡು ಬರುತ್ತಿದ್ದ ಆ ಒಬ್ಬನೇ ಅಪ್ಪ ಜ್ಞಾಪಕ ಇದ್ದಾನಲ್ಲ? ಅವನು ಬಾಯಿ ತೆಗೆದರೆ ಅಷ್ಟೂ ಮಕ್ಕಳು ಗಾಬರಿಯಿಂದ ಅಳು ನಿಲ್ಲಿಸುತ್ತಿದ್ದವು. ಪಾಪ, ಬೀಳ್ಕೊಡುವಾಗ ಅವನೇ ಅತ್ತ.

ಆ ಕೋಣೆಯಲ್ಲಿ ಕೂತು ನಾನು ಊರಿಗೆಲ್ಲ ಉಪದೇಶ ಮಾಡಿದೆ. ಹಾಡು ಕೇಳಿ ಬೆಳೆದ ಮಗು ಬೇಗ ಮಾತಾಡುತ್ತೆ, ಬೇಗ ನಗುತ್ತೆ, ಬೇಗ ಮಲಗುತ್ತೆ ಅಂತ. ಸಾಕ್ಷಿಗೆ ತೊಡೆಯ ಮೇಲೆ ನನ್ನ ಮೊಮ್ಮಗಳು. ನೀವು ಆಗಿನ್ನೂ ಇದೇ ಊರಲ್ಲಿದ್ದಿರಿ, ಹಗಲೆಲ್ಲ ಅವಳು ನನ್ನ ಹತ್ತಿರವೇ. ಅವಳ ಬೆನ್ನ ಮೇಲೆ ಅಂಗೈಯಿಂದ ತಾಳ ತಟ್ಟುತ್ತಾ, ಅವಳನ್ನು ಎದೆಗೆ ಒತ್ತಿಕೊಂಡು ಹಾಡುತ್ತಿದ್ದೆ. ತಾಳ ತಪ್ಪದ ಹಾಗೆ ಕಾಲು ಒದೆಯುತ್ತಿದ್ದಳು, ಹಾಡು ನಿಂತರೆ ಮುಖ ಮೇಲೆತ್ತಿ ನೋಡುತ್ತಿದ್ದಳು. "ನೋಡಿ, ಐದು ತಿಂಗಳಿಗೇ ಲಯ ಹಿಡೀತಾಳೆ" ಅಂತ ಜಂಭ ಕೊಚ್ಚಿದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ಹೆತ್ತವಳನ್ನು ಹೆತ್ತವಳಿಗೆ ಇನ್ನೂ ಎರಡು ಪಾಲು.

ಹನ್ನೊಂದನೇ ತಿಂಗಳ ಚುಚ್ಚುಮದ್ದಿನ ದಿನ ನರ್ಸಮ್ಮನ ಕೈಯಿಂದ ಸ್ಟೀಲ್ ಟ್ರೇ ಬಿದ್ದು, ಸಾಲಿನಲ್ಲಿದ್ದ ಮಕ್ಕಳೆಲ್ಲ ಕಿಟಾರನೆ ಕಿರುಚಿದರೂ ನಮ್ಮವಳು ನಿನ್ನ ಸರದ ಮಣಿ ಎಣಿಸುತ್ತಾ ಕೂತಿದ್ದಳು ಅಂತ ನೀನು ಬಂದು ಹೇಳಿದೆಯಲ್ಲ. ಆಮೇಲೆ ಕಿವಿ ಡಾಕ್ಟರು ನನ್ನನ್ನೂ ಕೂರಿಸಿಕೊಂಡು ವಿವರಿಸಿದರು. "ಅಜ್ಜೀ, ಇವಳು ನಿಮ್ಮ ಹಾಡು ಯಾವತ್ತೂ ಕೇಳಿಲ್ಲ. ನಿಮ್ಮ ಎದೆ ಅದುರೋದು, ಕೈ ತಟ್ಟೋದು, ಅದಷ್ಟೇ ಅವಳಿಗೆ ಗೊತ್ತಾಗ್ತಿದ್ದದ್ದು." ಆರೇಳು ತಿಂಗಳು ಮೊದಲೇ ತಂದಿದ್ದರೆ ಮಾತಿನ ದಾರಿ ಇನ್ನೂ ಸುಲಭವಾಗುತ್ತಿತ್ತು ಅಂತಲೂ ಅಂದರು. ನೀನು ಗೋಡೆ ನೋಡುತ್ತಾ ಕೂತೆ. ಅಳಿಯ ಎದ್ದು ಆಚೆ ಹೋದ.

ಈಗಲೂ ಅವನು ಊಟದ ಹೊತ್ತಿಗೆ ತಟ್ಟೆ ಎತ್ತಿಕೊಂಡು ಬೇರೆ ಕೋಣೆಗೆ ಹೋಗ್ತಾನೆ ಅಂತ ಬರೆದಿದ್ದೀಯ. "ದಿನವಿಡೀ ಕನ್ನಡಕದಂಗಡೀಲಿ ಊರವರ ಕಣ್ಣು ಅಳೀತೀಯ, ನಿನ್ನ ಮಗಳ ಕಿವಿ ನಿಂಗೆ ಗೊತ್ತಾಗ್ಲಿಲ್ವಾ" ಅಂದನಂತೆ. ನೀನೂ ಅದನ್ನೇ ನಂಬಿ, "ಮೂರನೇ ತಿಂಗಳಿಗೇ ಕೆಲಸಕ್ಕೆ ಹೋದ ನಾನೇ ಪಾಪಿ" ಅಂತ ಪುಟಗಟ್ಟಲೆ ಬರೆದಿದ್ದೀಯ. ಹಾಗೆ ಬರೆಯಬೇಡ. ನಾಲ್ಕನೇ ತಿಂಗಳಲ್ಲಿ, "ಅಮ್ಮಾ, ಕರೆದ್ರೆ ತಿರುಗ್ತಿಲ್ಲ ಅನ್ಸತ್ತೆ, ಡಾಕ್ಟರಿಗೆ ತೋರಿಸೋಣ್ವಾ?" ಅಂತ ಕೇಳಿದವಳು ನೀನು. "ಹಾಡೋರ ಮನೆ ಮಗೂಗೆ ಕಿವಿ ಪರೀಕ್ಷೆನಾ? ತಡಿ, ನಾಳೆ ನಾನೇ ನೋಡಿ ಹೇಳ್ತೀನಿ" ಅಂದವಳು ನಾನು. ಇದನ್ನು ನೀನು ಅವನಿಗೆ ಹೇಳಿಲ್ಲ ಅಂತ ಕಾಣುತ್ತೆ. ಅಮ್ಮನ ಮರ್ಯಾದೆ ಕಾಪಾಡುತ್ತಿದ್ದೀಯ.

ಹಾಡು ನೀನೇ ಹಾಡು, ಪುಟ್ಟಿ. ನಿನ್ನ ಶ್ರುತಿ ಎಲ್ಲಿಗೋ ಹೋಗುತ್ತೆ, ಒಪ್ಪಿದೆ. ಚಿಕ್ಕವಳಿದ್ದಾಗ ನಿನ್ನನ್ನು ಸಾಲಿನ ಕೊನೆಯಲ್ಲಿ ನಿಲ್ಲಿಸಿ ಬರೀ ಬಾಯಿ ಆಡಿಸು ಅಂತಿದ್ದೆ, ಅದೂ ಜ್ಞಾಪಕ ಇದೆ. ತಪ್ಪು ಮಾಡಿದೆ. ಸ್ವರ ತಪ್ಪಿದೆ ಅಂತ ಹೇಳೋಕೆ ಅವಳಿಗೆ ಇನ್ನೊಂದು ಸ್ವರ ಗೊತ್ತಿಲ್ಲ. ನೀನು ಹಾಡಿದ್ದೇ ಅವಳಿಗೆ ಸರಿ. ಬೆಳಿಗ್ಗೆ ಯಂತ್ರ ಹಾಕಿದ ಕೂಡಲೇ, ಎದುರಿಗೆ ಕೂತು, ಒಂದು ಮೊಳ ದೂರದಿಂದ ಹಾಡು. ಅತ್ತರೆ ನಿಲ್ಲಿಸು, ಸಮಾಧಾನವಾದ ಮೇಲೆ ಮತ್ತೆ ಶುರು ಮಾಡು.

ನೂರು ವರ್ಷ ಬಾಳಲಿ ಅವಳು. ಬಾಯಿ ತುಂಬ ಮಾತಾಡಲಿ, ನಿನ್ನ ಹತ್ತಿರ ವಾದ ಮಾಡಿ ಗೆಲ್ಲಲಿ. ನಿಮ್ಮಿಬ್ಬರ ಊಟ ಮತ್ತೆ ಒಂದೇ ಕಡೆ ಆಗಲಿ.

ಇಂತಿ ನಿನ್ನ
ಅಮ್ಮ

ತಾ.ಕ.: ಲಕೋಟೆ ಅಂಟಿಸಿದ್ದನ್ನು ಮತ್ತೆ ಹರಿದೆ. ಅವತ್ತು ನೋಡಿ ಹೇಳ್ತೀನಿ ಅಂದೆನಲ್ಲ, ನೋಡಿದೆ. ನೀನು ಅಂಗಡಿಗೆ ಹೋದ ಮೇಲೆ ಅವಳನ್ನು ಹಾಸಿಗೆಯ ಮೇಲೆ ಮಲಗಿಸಿ, ತಲೆಯ ಹಿಂದೆ ನಿಂತು, ಮುಟ್ಟದೆ ಹಾಡಿದೆ. ಜೋರಾಗಿ ಹಾಡಿದೆ. ಆಮೇಲೆ ತಟ್ಟೆ ಬಡಿದೆ. ಪಕ್ಕದ ಮನೆಯಾಕೆ ಏನಾಯ್ತು ಅಂತ ಓಡಿಬಂದಳು. ಮಗು ತನ್ನ ಬೆರಳು ನೋಡಿಕೊಂಡು ಮಲಗಿತ್ತು. ಸಂಜೆ ನೀನು ಚಪ್ಪಲಿ ಬಿಡುವ ಮೊದಲೇ "ಏನಮ್ಮಾ?" ಅಂದೆ. "ಒಂದೇ ಸಲಕ್ಕೆ ತಿರುಗಿದ್ಲು ಕಣೇ" ಅಂದೆ ನಾನು. ನೀನು ನನ್ನ ಕೆನ್ನೆಗೆ ಮುತ್ತು ಕೊಟ್ಟೆ. ಅಲ್ಲಿಂದ ಏಳು ತಿಂಗಳು ಯಾರೆದುರಿಗೂ ಅವಳ ಬೆನ್ನಿನಿಂದ ಕೈ ತೆಗೆದು ಹಾಡಲಿಲ್ಲ.

ಈ ಹಾಳೆಯನ್ನು ಅಳಿಯನ ಕೈಗೇ ಕೊಡು. ಅವನು ಮಾತು ಬಿಡಬೇಕಾದದ್ದು ನನ್ನ ಹತ್ತಿರ. ಯಾಕಮ್ಮಾ ಹೀಗೆ ಮಾಡಿದೆ ಅಂತ ನೀನು ಕೇಳೇ ಕೇಳುತ್ತೀಯ. ಮಮತೆಯಿಂದ ಅಂತ ಎರಡು ಸಲ ಬರೆದು ಹೊಡೆದು ಹಾಕಿದೆ. ಆ ವಾರ ಶನಿವಾರದ ಕ್ಲಾಸಿನಲ್ಲಿ ಆ ಹದಿನಾಲ್ಕು ಮಂದಿಯ ಮುಂದೆ ಕೂತು ಏನು ಹೇಳಲಿ ಅಂತ ನಾಚಿಕೆಯಾಯಿತು, ಪುಟ್ಟಿ. ಅಷ್ಟೇ ಕಾರಣ.