ಅವ್ವನ ಕರಡಿಗೆಯಲ್ಲಿ ಇದ್ದದ್ದು

ಅವ್ವಾ,

ನೀನು ಹೋದೆ ಅಂತ ನನಗೆ ಯಾರೂ ಹೇಳಲಿಲ್ಲ. ಹತ್ತೊಂಬತ್ತು ವರ್ಷ ಮಾತು ಬಿಟ್ಟಿದ್ದ ಅಣ್ಣ ಫೋನ್ ಮಾಡಿ, "ಅವ್ವನ ಲಿಂಗ ನಿನ್ ತಾವ ಐತಾ?" ಅಂದ. ನಾನು ಯಾರದ್ದೋ ರವಿಕೆಗೆ ಹುಕ್ಸ್ ಹಾಕುತ್ತಿದ್ದೆ. ಯಾಕೆ ಅಂತ ಕೇಳಿದೆ. "ಗುಂಡಿ ತೋಡಾಯ್ತು. ಅಯ್ನೋರು ಕಾಯ್ತಾವ್ರೆ." ಹೆತ್ತ ತಾಯಿ ಸತ್ತ ಸುದ್ದಿ ನನಗೆ ಬಂದದ್ದು ಹೀಗೆ. ಕೈಯಲ್ಲಿದ್ದ ರವಿಕೆಯ ಕೊನೆಯ ಹುಕ್ಸನ್ನೂ ಹಾಕಿಯೇ ಎದ್ದೆ, ಯಾಕೋ ಗೊತ್ತಿಲ್ಲ.

ಸಿದ್ದರಾಜು ಅವರನ್ನು ಮದುವೆಯಾಗುತ್ತೇನೆ ಅಂದ ದಿನ ನೆನಪಿದೆಯಾ? ಅಣ್ಣ ನನ್ನ ಕೊರಳಿನ ಲಿಂಗ ಕಿತ್ತುಕೊಂಡ. "ಕೇರಿಗೋಗೋಳ್ಗೆ ಇದ್ಯಾಕೆ? ಓಗು, ಅವ್ರ ಬುದ್ಧಂಗೆ ಅಡ್ಡಬೀಳು." ನೀನು ಅಡುಗೆಮನೆ ಬಾಗಿಲ ಹಿಂದೆ ನಿಂತಿದ್ದೆ. ನಿನ್ನ ಸೀರೆಯ ಅಂಚು ಕಾಣುತ್ತಿತ್ತು. ಆ ಅಂಚು ಒಂದಿಂಚು ಈಚೆಗೆ ಬಂದಿದ್ದರೆ...

ಆಮೇಲೆ ನೀನು ಬಂದೆ, ಕದ್ದು. ಬೆಳಗೊಳದಲ್ಲಿ ಮಂಡಿನೋವಿಗೆ ಎಣ್ಣೆ ಕೊಡುತ್ತಾರೆ ಅಂತ ಅಣ್ಣನಿಗೆ ಹೇಳಿ, ಚನ್ನರಾಯಪಟ್ಟಣದಿಂದ ಬಸ್ಸು ಹತ್ತಿ, ಪಕ್ಕದ ಜಿನನಾಥಪುರದ ಬಸದಿಯ ಜಗುಲಿಗೆ. ನಮ್ಮವರು ಯಾರೂ ಅಲ್ಲಿಗೆ ಬರುವುದಿಲ್ಲ ಅಂತ ನಿನಗೆ ಗೊತ್ತಿತ್ತು. ವರ್ಷಕ್ಕೆರಡು ಸಲ, ಯಾವಾಗಲೂ ಸೋಮವಾರ. ನಾನು ಹೊಳೆನರಸೀಪುರದಿಂದ ಬುತ್ತಿ ಕಟ್ಟಿಕೊಂಡು ಬಂದರೆ, "ಸ್ವಾಮಾರ ಅಲ್ವಾ ಮಗಾ, ಒಪ್ಪತ್ತು" ಅನ್ನುತ್ತಿದ್ದೆ. ಭೇಟಿಗೆ ಸೋಮವಾರವನ್ನೇ ಯಾಕೆ ಆರಿಸುತ್ತಿದ್ದೆ ಅಂತ ನನಗೆ ಹೊಳೆಯಲು ಎಷ್ಟೋ ವರ್ಷ ಬೇಕಾಯಿತು. ಹೊಳೆದ ಮೇಲೂ ನಾನು ಬುತ್ತಿ ತರುವುದನ್ನು ಬಿಡಲಿಲ್ಲ.

ಎಂಟು ವರ್ಷದ ಹಿಂದೆ ಅದೇ ಜಗುಲಿಯಲ್ಲಿ ನೀನು ಬೆಳ್ಳಿಯ ಕರಡಿಗೆ ಬಿಚ್ಚಿ, ನಿನ್ನ ಲಿಂಗ ತೆಗೆದು ನನ್ನ ಅಂಗೈಗೆ ಇಟ್ಟೆ. "ನಿಂದ ಅವ್ನು ಕಿತ್ಕಂಡ್ನಲ್ಲ, ಇದ ಮಡಿಕ್ಕೊ. ಪೂಜೆ ಮಾಡ್ದಿದ್ರೂ ಚಿಂತಿಲ್ಲ." ನೀನೇನು ಮಾಡುತ್ತೀ ಅಂತ ನಾನು ಕೇಳಿದರೆ ನೀನು ನಕ್ಕೆ. ಲಿಂಗದ ಜಾಗದಲ್ಲಿಡಲು, ಕರಡಿಗೆ ತೊಳೆಯುವ ಅಂಟುವಾಳದಿಂದ ನೀನು ಒಂದು ಬೀಜ ಆರಿಸಿ ತಂದಿದ್ದೆ. ಕಪ್ಪಗೆ, ಗುಂಡಗೆ. "ಯಾರು ಬಿಚ್ಚಿ ನೋಡ್ತಾರೆ ಬುಡು." ನಿನ್ನ ದೇವರನ್ನೇ ನನಗೆ ಕೊಟ್ಟವಳು ನನ್ನ ಮನೆಯ ಒಂದು ಲೋಟ ನೀರು ಕುಡಿಯಲಿಲ್ಲ. ಇದನ್ನು ಏನಂತ ಕರೆಯಲಿ? ಪ್ರೀತಿ ಅನ್ನಲು ಹೋದರೆ ಸಿಟ್ಟೂ ಬರುತ್ತದೆ. ಲಿಂಗ ನನ್ನ ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿತ್ತು. ಬುದ್ಧನ ಫೋಟೊ ಒರೆಸುವ ದಿನ ಸಿದ್ದರಾಜು ಅವರೇ ಅದನ್ನೂ ಒರೆಸಿ ಇಡುತ್ತಿದ್ದರು.

ಅಣ್ಣನ ಫೋನ್ ಬಂದ ಮೇಲೆ ಅವರ ಬೈಕಿನಲ್ಲೇ ಬಂದೆ ಅವ್ವಾ. ಅವರು ಸಮಾಧಿ ಜಾಗದ ಬೇಲಿಯಾಚೆ ಹೆಲ್ಮೆಟ್ ಹಿಡಿದು ನಿಂತರು. ಒಳಗೆ ಬನ್ನಿ ಅಂತ ಯಾರೂ ಕರೆಯಲಿಲ್ಲ. ನಿನ್ನ ಅಂಗೈಗೆ ಲಿಂಗ ಇಡಲು ಅಯ್ನೋರು ಕರಡಿಗೆ ಬಿಚ್ಚಿದಾಗ ಬೀಜ ಸಿಕ್ಕಿತಂತೆ. ಹೊಸ ಲಿಂಗ ತರಿಸೋಣ ಅಂದರಂತೆ ಅವರು. ಅಣ್ಣ ಒಪ್ಪದೆ ನನಗೆ ಫೋನ್ ಮಾಡಿದ್ದು ಆಗಲೇ; ಬೆಳಗೊಳದ ಎಣ್ಣೆಯ ನೆಪ ಅವನಿಗೆ ಯಾವತ್ತೋ ಗೊತ್ತಾಗಿತ್ತೇನೋ. ನನ್ನನ್ನು ಕಂಡವನೇ ಬೀಜವನ್ನು ನನ್ನ ಕೈಗೆ ತುರುಕಿದ. "ನೋಡು, ನಿನ್ ದೆಸೆಯಿಂದ ಅವ್ವ ಇದ್ಕೆ ವಿಭೂತಿ ಹಚ್ಕಂಡು ಕುಂತಿದ್ಲು. ಲಿಂಗ ಕೊಡು." ಕೊಡಲ್ಲ, ನಾನೇ ಇಡ್ತೀನಿ ಅಂದೆ. ಅತ್ತಿಗೆ ನನ್ನ ತೋಳು ಹಿಡಿದು, "ಆಗಿದ್ದು ಆಗೋಯ್ತು, ಕ್ಷಮ್ಸಿಬುಡು ಕಣವ್ವ" ಅಂದಳು. ಕ್ಷಮಿಸು ಅಂತ ಕೇಳಬೇಕಾದವನು ಲಿಂಗಕ್ಕೆ ಕೈ ಚಾಚಿ ನಿಂತಿದ್ದ.

ಅಯ್ನೋರು, "ಬಿಡಪ್ಪ, ಮಗಳು ಇಡ್ಲಿ. ನಮ್ಗೆಲ್ಲೈತೆ ಸೂತಕ?" ಅಂದರು. ಮೂರು ಮೆಟ್ಟಿಲು ಇಳಿದೆ. ನಿನ್ನನ್ನು ಕೂರಿಸಿದ್ದರು. ಅಣ್ಣ ನಿನ್ನ ಎಡಗೈಯ ಮಣಿಕಟ್ಟು ಹಿಡಿದಿದ್ದ, ಅಂಗೈ ತುಂಬ ವಿಭೂತಿ. ಅದರಲ್ಲಿ ಇಟ್ಟೆ. ಮೇಲೆ ಬಂದು ಯಾರಿಗೂ ಹೇಳದೆ ಬೈಕು ಹತ್ತಿದೆ.

ಇವತ್ತು ಶಿವಗಣಾರಾಧನೆಯ ಕಾರ್ಡು ಮೊಬೈಲಿಗೆ ಬಂತು. ದುಃಖತಪ್ತರು: ಮಗ, ಸೊಸೆ, ಮಗಳು, ಅಳಿಯಂದಿರು. ನಿನಗೆ ಇರುವುದು ಒಬ್ಬಳೇ ಮಗಳು, ಒಬ್ಬನೇ ಅಳಿಯ. ಮಿಕ್ಕ 'ಅಂದಿರು' ಯಾರು? ಸಿದ್ದರಾಜು ಅವರು ಓದಿ, "ಮರ್ಯಾದೆಗೆ ಅಂಗೆ ಬರ್ಸವ್ರೆ ಬುಡು" ಅಂದರು. ಅವರು ಯಾವಾಗಲೂ ಹೀಗೆಯೇ. ನನಗೇನೋ ಅದು ಪ್ರೆಸ್ಸಿನವರ ಬಳಿ ಮೊದಲೇ ಇದ್ದ ಸಾಲು ಅನ್ನಿಸುತ್ತದೆ. ಇವರ ಹೆಸರು ಬರೆಸಲು ಬಾಯಿ ಬಾರದ ಅಣ್ಣನಿಗೆ ಅನುಕೂಲವಾಯಿತು. ನೀನು ತಾನೆ ಆ ಹೆಸರನ್ನು ಯಾವತ್ತು ಹೇಳಿದೆ? "ಅವ್ರು ಚೆಂದಾಗವ್ರಾ" ಅಂತ ಕೇಳುತ್ತಿದ್ದೆ, ಅಷ್ಟೇ.

ಈಗ ನಿನಗೆ ಗೊತ್ತಿಲ್ಲದ್ದನ್ನು ಹೇಳುತ್ತೇನೆ. ನಿನ್ನ ಅಂಗೈಯಲ್ಲಿರುವುದು ಅಂಟುವಾಳದ ಬೀಜ. ಎಂಟು ವರ್ಷ ನೀನು ಕೈಮುಗಿದದ್ದು ಅದಕ್ಕೆ, ನಿನ್ನ ಜೊತೆ ಬರಬೇಕಾದ್ದೂ ಅದೇ ಅನ್ನಿಸಿತು. ಸಿಟ್ಟಿಗೆ ಮಾಡಿದೆನಾ? ಅದೂ ಇರಬಹುದು. ಮಣಿಕಟ್ಟು ಹಿಡಿದಿದ್ದ ಅಣ್ಣ ಒಬ್ಬನೇ ಅದನ್ನು ನೋಡಿದ. ನನ್ನ ಮುಖ ನೋಡಿದ. ನಿನ್ನ ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಮಡಚಿ, ಬಿಲ್ವಪತ್ರೆ ಮುಚ್ಚಿದ.

ಅದೊಂದಕ್ಕೆ ಆರಾಧನೆಗೆ ಬರುತ್ತೇವೆ, ಇಬ್ಬರೂ. ಕ್ಷಮಿಸಿದ್ದೇನೆ ಅಂತಲ್ಲ. ನಿನ್ನ ಲಿಂಗ ನನ್ನ ಕೊರಳಲ್ಲಿರುತ್ತದೆ, ಸೆರಗಿನ ಮೇಲೆ, ಎಲ್ಲರಿಗೂ ಕಾಣುವ ಹಾಗೆ. ಅಯ್ನೋರು ಇದು ಯಾರದ್ದು ಅಂತ ಕೇಳಿಯೇ ಕೇಳುತ್ತಾರೆ. ನಾನು ಬಾಯಿ ಬಿಡುವುದಿಲ್ಲ. ಅಣ್ಣನೇ ಹೇಳಲಿ.